ಹಿಮ್ಮಡಿ ನೋವಿಗೆ ನೈಟ್ ಸ್ಪ್ಲಿಂಟ್: ಎಷ್ಟು ಬಿಗಿಯಬೇಕು, ಎಷ್ಟು ಕಾಲ ಕಟ್ಟಬೇಕು?

ಪ್ರಶ್ನೆ

ಹಲವು ತಿಂಗಳುಗಳಿಂದ ನನ್ನ ಬಲಗಾಲಿನ ಹಿಮ್ಮಡಿಯ ತಳದಲ್ಲಿ, ಒಳಬದಿಗೆ ಸ್ವಲ್ಪ ಸರಿದಂತೆ, ಒಂದೇ ಜಾಗದಲ್ಲಿ ನೋವಿದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರುವಾಗ ಅದು ಸಹಿಸಲಾಗದಷ್ಟಿರುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ಇಳಿಯುತ್ತದೆಯಾದರೂ, ಬಹಳ ಹೊತ್ತು ಕುಳಿತು ಎದ್ದಾಗ ಮರುಕಳಿಸುತ್ತದೆ. ಕೆಲವು ದಿನ ಅಂಗಾಲಿನ ಕಮಾನಿನವರೆಗೂ ಎಳೆದಂತಾಗುತ್ತದೆ. ನನ್ನದು ದಿನವಿಡೀ ನಿಂತು ಮಾಡುವ ಕೆಲಸ. ವೈದ್ಯರು ಪರೀಕ್ಷಿಸಿ, ಇದು ಪ್ಲಾಂಟರ್ ಫ್ಯಾಸಿಯೈಟಿಸ್ (ಅಂಗಾಲಿನ ತಂತುಪಟ್ಟಿಯ ತೊಂದರೆ) ಎಂದು ಹೇಳಿ, ವ್ಯಾಯಾಮದ ಜೊತೆಗೆ ರಾತ್ರಿ ಸ್ಪ್ಲಿಂಟ್ (ಪಾದ ಕೆಳಕ್ಕೆ ವಾಲದಂತೆ ಹಿಡಿದಿಡುವ ಆಸರೆ) ಕಟ್ಟಿಕೊಂಡು ಮಲಗಲು ಸೂಚಿಸಿದ್ದಾರೆ.

ನಾನು ತಂದಿರುವುದು ಬೂಟಿನ ಆಕಾರದ, ಮೀನಖಂಡದ ಹಿಂಭಾಗದಿಂದ ಅಂಗಾಲಿನವರೆಗೆ ಬರುವ ಸ್ಪ್ಲಿಂಟ್. ಎರಡೂ ಪಕ್ಕದ ಪಟ್ಟಿಗಳನ್ನು ಎಳೆದಷ್ಟೂ ಪಾದದ ಮುಂಭಾಗ ಮೇಲಕ್ಕೆ ಬಾಗುತ್ತದೆ. ಹೆಚ್ಚು ಬಾಗಿದಷ್ಟೂ ಹೆಚ್ಚು ಪ್ರಯೋಜನವಿರಬಹುದೆಂದು ಪೂರ್ತಿ ಬಿಗಿದು ಮಲಗುತ್ತಿದ್ದೇನೆ. ಆದರೆ ನಡುರಾತ್ರಿಯ ಹೊತ್ತಿಗೆ ಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತದೆ; ಬಿಚ್ಚಿಟ್ಟು ಮತ್ತೆ ಮಲಗುತ್ತೇನೆ. ಪಟ್ಟಿಗಳನ್ನು ನಿಜವಾಗಿ ಎಷ್ಟು ಬಿಗಿಯಬೇಕು? ಅರ್ಧ ರಾತ್ರಿ ಮಾತ್ರ ಕಟ್ಟಿದರೆ ಪ್ರಯೋಜನವಿದೆಯೇ? ಕಾಲುಚೀಲದಂತಿರುವ ಬೇರೆ ಬಗೆ ಇದಕ್ಕಿಂತ ಉತ್ತಮವೇ? ಇದನ್ನು ಎಷ್ಟು ಕಾಲ ಮುಂದುವರಿಸಬೇಕಾಗುತ್ತದೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಫಿಸಿಯೋಥೆರಪಿಸ್ಟ್)

ಜೋಮು ಹಿಡಿಯುವಷ್ಟು ಬಿಗಿಯಲೇಬಾರದು. ಇಂದು ರಾತ್ರಿಯಿಂದಲೇ ಸಡಿಲಿಸಿ. ಸ್ಪ್ಲಿಂಟ್ ಮಾಡಬೇಕಾದ ಕೆಲಸ ಯಾವುದೆಂದು ತಿಳಿದರೆ, ಎಷ್ಟು ಬಿಗಿದರೆ ಸಾಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಹಿಮ್ಮಡಿ ಮೂಳೆಯ ತಳದಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿಕೊಂಡಿರುವ ಗಟ್ಟಿಯಾದ ತಂತುಪಟ್ಟಿಗೆ ಪ್ಲಾಂಟರ್ ಫ್ಯಾಸಿಯಾ ಎಂದು ಹೆಸರು. ಪಾದದ ಕಮಾನು ಕುಸಿಯದಂತೆ ಕೆಳಗಿನಿಂದ ಹಿಡಿದಿಡುವುದರಲ್ಲಿ ಇದರದ್ದು ದೊಡ್ಡ ಪಾಲು. ನಾವು ಮಲಗಿದಾಗ ಪಾದವು ತನ್ನಷ್ಟಕ್ಕೆ ಮುಂದಕ್ಕೆ ವಾಲಿ ಬೆರಳುಗಳು ಕೆಳಮುಖವಾಗುತ್ತವೆ; ಹೊದಿಕೆಯ ಭಾರವೂ ಅದಕ್ಕೆ ಸೇರುತ್ತದೆ. ಹೀಗೆ ಫ್ಯಾಸಿಯಾ ಮತ್ತು ಮೀನಖಂಡದ ಸ್ನಾಯುಗಳು ಗಂಟೆಗಟ್ಟಲೆ ಕುಗ್ಗಿದ ಸ್ಥಿತಿಯಲ್ಲೇ ಉಳಿದಿರುವಾಗ, ಬೆಳಿಗ್ಗೆ ಎದ್ದು ನಿಂತೊಡನೆ ಇಡೀ ಮೈಭಾರ ಬಿದ್ದು ಅವು ಒಮ್ಮೆಲೇ ಹಿಗ್ಗಬೇಕಾಗುತ್ತದೆ. ಆ ಸೆಳೆತ ಹೆಚ್ಚಾಗಿ ಬೀಳುವುದು ಪಟ್ಟಿಯು ಮೂಳೆಗೆ ಅಂಟಿಕೊಂಡಿರುವೆಡೆ, ಅಂದರೆ ನೀವು ವಿವರಿಸಿರುವ ಒಳಬದಿಯ ಜಾಗದಲ್ಲಿಯೇ. ರಾತ್ರಿಯ ಈ ಕುಗ್ಗುವಿಕೆಯನ್ನು ತಡೆಯುವುದಷ್ಟೇ ಸ್ಪ್ಲಿಂಟಿನ ಕೆಲಸ. ಪಾದವನ್ನು ಎಳೆದೆಳೆದು ಹಿಗ್ಗಿಸುವ ಕೆಲಸ ಹಗಲಿನ ವ್ಯಾಯಾಮಕ್ಕೆ ಸೇರಿದ್ದು.

ಆದ್ದರಿಂದ ಪಾದವು ಕಾಲಿಗೆ 90 ಡಿಗ್ರಿಯಲ್ಲಿ, ಅಂದರೆ ನೆಲದ ಮೇಲೆ ನೆಟ್ಟಗೆ ನಿಂತಾಗ ಇರುವಂತೆಯೇ ಇದ್ದರೆ ಆರಂಭಕ್ಕೆ ಸಾಕು. ಅದು ಒಗ್ಗಿದ ಮೇಲೆ ಸುಮಾರು 5 ಡಿಗ್ರಿಯಷ್ಟು ಮೇಲಕ್ಕೆ ಬಾಗಿಸಬಹುದು. ಮೀನಖಂಡದಲ್ಲಿ ಹಗುರವಾದ ಎಳೆತ ತಿಳಿಯಬೇಕು, ಆದರೆ ಅದು ನಿದ್ದೆಗೆ ಅಡ್ಡಿಯಾಗಬಾರದು. ಬೆರಳುಗಳ ಬಣ್ಣ ಬದಲಾದರೆ, ಅವು ತಣ್ಣಗಾದರೆ ಅಥವಾ ಚುಚ್ಚಿದಂತಾದರೆ, ನರದ ಮೇಲೋ ರಕ್ತನಾಳದ ಮೇಲೋ ಒತ್ತಡ ಬೀಳುತ್ತಿದೆಯೆಂದು ತಿಳಿದು ತಕ್ಷಣ ಸಡಿಲಿಸಬೇಕು. ಪಾದದ ಮೇಲ್ಭಾಗದಲ್ಲಿ ಅಡ್ಡವಾಗಿ ಹಾಯುವ ವೆಲ್ಕ್ರೋ ಪಟ್ಟಿಯೇ ಬಹಳ ಸಲ ಈ ತೊಂದರೆಯ ಮೂಲ. ಪಕ್ಕದ ಪಟ್ಟಿಗಳನ್ನು ಮುಟ್ಟುವ ಮೊದಲು ಅದನ್ನು ಪರೀಕ್ಷಿಸಿ.

ಇನ್ನೊಂದು ಸಂಗತಿಯನ್ನು ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ. ಮೀನಖಂಡದ ಮೇಲುಪದರದ ದೊಡ್ಡ ಸ್ನಾಯು ಮೊಣಕಾಲನ್ನು ದಾಟಿ ತೊಡೆಮೂಳೆಗೆ ಅಂಟಿಕೊಂಡಿರುವುದರಿಂದ, ಮೊಣಕಾಲು ಮಡಿಸಿ ಮುದುಡಿ ಮಲಗಿದರೆ ಸ್ಪ್ಲಿಂಟ್ ಇದ್ದರೂ ಆ ಸ್ನಾಯು ಸಡಿಲವಾಗಿಯೇ ಇರುತ್ತದೆ. ಅಂಗಾಲಿನ ಪಟ್ಟಿಗೆ ಸಿಗುವ ಪ್ರಯೋಜನ ಅದರಿಂದ ತಪ್ಪುವುದಿಲ್ಲ. ಮೀನಖಂಡಕ್ಕೂ ಅದು ಸಿಗಬೇಕಾದರೆ ಕಾಲನ್ನು ಆದಷ್ಟು ನೀಡಿಕೊಂಡು ಮಲಗುವುದು ಒಳ್ಳೆಯದು. ಹಾಗೆಂದು ಅದಕ್ಕಾಗಿ ನಿದ್ದೆಗೆಡಬೇಡಿ.

ಉತ್ತರ 2

ನಾನು ಬೇರೆ ಬೇರೆ ಬಗೆಗಳನ್ನು ಬಳಸಿರುವುದರಿಂದ, ಅವುಗಳ ನಡುವಿನ ವ್ಯತ್ಯಾಸವನ್ನು ಅನುಭವದಿಂದ ಹೇಳುತ್ತೇನೆ. ನಿಮ್ಮಲ್ಲಿರುವ ಬೂಟಿನ ಬಗೆಯದು ಕೋನವನ್ನು ಎಲ್ಲಕ್ಕಿಂತ ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಭಾರ ಮತ್ತು ಸೆಕೆ ಹೆಚ್ಚು. ಅದನ್ನು ಕಟ್ಟುವಾಗ ಹಿಮ್ಮಡಿಯನ್ನು ಹಿಂಬದಿಯ ಗೋಡೆಗೆ ಪೂರ್ತಿ ತಾಗಿಸಿ, ಮೊದಲು ಪಾದದ ಕೀಲಿನ ಬಳಿಯ ಪಟ್ಟಿಯನ್ನು, ಆಮೇಲೆ ಉಳಿದವನ್ನು ಕಟ್ಟಬೇಕು. ಹಿಮ್ಮಡಿ ಮೇಲೆದ್ದು ನಿಂತರೆ ಪಕ್ಕದ ಪಟ್ಟಿಗಳನ್ನು ಎಷ್ಟು ಎಳೆದರೂ ಬೆರಳುಗಳಷ್ಟೇ ನೋಯುತ್ತವೆ. ನಿಮಗೆ ಆಗುತ್ತಿರುವುದೂ ಇದೇ ಇರಬಹುದು. ಒಳಗೆ ತೆಳುವಾದ ಹತ್ತಿಯ ಕಾಲುಚೀಲ ಹಾಕಿಕೊಂಡರೆ ಬೆವರಿನಿಂದಾಗುವ ತುರಿಕೆ ಮತ್ತು ತರಚು ಕಡಿಮೆಯಾಗುತ್ತವೆ.

ಎರಡನೆಯದು ಕಾಲಿನ ಮುಂಭಾಗಕ್ಕೆ ಕಟ್ಟುವ ಬಗೆ. ಇದರಲ್ಲಿ ಗಟ್ಟಿಯಾದ ಭಾಗ ಪಾದದ ಮೇಲ್ಮೈಯಲ್ಲಿರುವುದರಿಂದ ಹಿಮ್ಮಡಿ ತೆರೆದೇ ಇರುತ್ತದೆ. ಹಗುರವಾಗಿದ್ದು, ಮಗ್ಗುಲು ಬದಲಿಸುವುದೂ ಸುಲಭ. ನನಗೆ ನಿದ್ದೆ ಬಂದದ್ದು ಇದರಲ್ಲೇ. ಕಾಲುಚೀಲದ ಬಗೆಯಲ್ಲಿ ಬೆರಳ ತುದಿಯಿಂದ ಹೊರಟ ಪಟ್ಟಿಯೊಂದು ಮೊಣಕಾಲಿನ ಕೆಳಗಿನ ಬಳೆಗೆ ಸೇರುತ್ತದೆ. ಅದು ಬೆರಳುಗಳನ್ನೇ ಹಿಂದಕ್ಕೆ ಬಾಗಿಸುವುದರಿಂದ ಅಂಗಾಲಿನ ಪಟ್ಟಿಗೆ ನೇರವಾಗಿ ಎಳೆತ ಸಿಗುತ್ತದೆ, ಕಮಾನಿನಲ್ಲಿ ನೋವಿರುವವರಿಗೆ ಇದು ಹಿಡಿಸುವುದುಂಟು. ಆದರೆ ಎಳೆತವೆಲ್ಲ ಬೆರಳುಗಳ ಮೇಲೆಯೇ ಬೀಳುವ ಕಾರಣ, ತುಸು ಹೆಚ್ಚು ಬಿಗಿದರೂ ಹೆಬ್ಬೆರಳಿನ ಬುಡ ನೋಯುತ್ತದೆ. ಹೆಬ್ಬೆರಳಿನ ಕೀಲಿನಲ್ಲಿ ಮೊದಲೇ ತೊಂದರೆಯಿರುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ.

ಆರಂಭದ ಕೆಲವು ದಿನ, ಸಂಜೆ ಕುಳಿತು ಓದುವಾಗಲೋ ಮಾತನಾಡುವಾಗಲೋ ಒಂದೆರಡು ಗಂಟೆ ಕಟ್ಟಿಕೊಂಡು ರೂಢಿ ಮಾಡಿಕೊಳ್ಳಿ. ಬಳಿಕ ರಾತ್ರಿ ಎಷ್ಟು ಹೊತ್ತು ಸಹಿಸಲು ಸಾಧ್ಯವೋ ಅಷ್ಟು ಹೊತ್ತು ಇರಲಿ. ಆ ಅವಧಿ ನಿಧಾನವಾಗಿ ಬೆಳೆಯುತ್ತದೆ. ನಡುರಾತ್ರಿ ಏಳಬೇಕಾದರೆ ಸ್ಪ್ಲಿಂಟನ್ನು ಬಿಚ್ಚಿಯೇ ಏಳಿ. ಅದರ ತಳ ನಡೆಯಲೆಂದು ಮಾಡಿದ್ದಲ್ಲ, ನಿದ್ದೆಗಣ್ಣಿನಲ್ಲಿ ಜಾರಿ ಬೀಳುವ ಅಪಾಯ ನಿಜಕ್ಕೂ ಇದೆ.

ಉತ್ತರ 3

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೂ ಸ್ಪ್ಲಿಂಟಿನಿಂದ ನಿರೀಕ್ಷಿಸಬಹುದಾದದ್ದು ಎಷ್ಟು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 1991ರಲ್ಲಿ ಪ್ರಕಟವಾದ ಆರಂಭದ ವರದಿಯೊಂದರಲ್ಲಿ, ಬೇರೆ ಚಿಕಿತ್ಸೆಗಳಿಗೆ ಜಗ್ಗದ ನೋವಿದ್ದ 14 ಜನರ ಪೈಕಿ 11 ಜನರಿಗೆ ನಾಲ್ಕು ತಿಂಗಳೊಳಗೆ ಗುಣ ಕಂಡಿತ್ತು. ಆದರೆ ಅಲ್ಲಿ ಹೋಲಿಕೆಗೆ ಸ್ಪ್ಲಿಂಟ್ ಕಟ್ಟದ ಇನ್ನೊಂದು ಗುಂಪು ಇರಲಿಲ್ಲ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಗುಂಪು ಇತ್ತು. ಎಂದಿನ ಚಿಕಿತ್ಸೆಗೆ ಸ್ಪ್ಲಿಂಟನ್ನು ಸೇರಿಸಿದ್ದರಿಂದ ಗಣನೀಯವಾದ ಹೆಚ್ಚಿನ ಲಾಭ ಅಲ್ಲಿ ಕಾಣಲಿಲ್ಲ. ಅಮೆರಿಕದ ಫಿಸಿಯೋಥೆರಪಿ ಸಂಘದ ಮೂಳೆ ವಿಭಾಗವು 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು, ಬೆಳಗಿನ ಮೊದಲ ಹೆಜ್ಜೆಯಲ್ಲಿ ನಿತ್ಯವೂ ನೋವಿರುವವರಿಗೆ 1ರಿಂದ 3 ತಿಂಗಳ ಕಾಲ ಸ್ಪ್ಲಿಂಟನ್ನು ಸೂಚಿಸುತ್ತದೆ. ನೀವು ಆ ಗುಂಪಿಗೇ ಸೇರಿದವರಾದ್ದರಿಂದ ಪ್ರಯತ್ನಿಸುವುದು ಸರಿಯೇ. ಎಷ್ಟು ಕಾಲ ಎಂಬ ಪ್ರಶ್ನೆಗೂ ಉತ್ತರ ಅದರಲ್ಲಿದೆ. ಮೂರು ತಿಂಗಳು ಕಟ್ಟಿದರೂ ಬೆಳಗಿನ ನೋವು ಕದಲದಿದ್ದರೆ ಮತ್ತೆ ವೈದ್ಯರನ್ನು ಕಾಣಬೇಕೇ ಹೊರತು ಸ್ಪ್ಲಿಂಟನ್ನೇ ನೆಚ್ಚಿ ಕೂರಬಾರದು.

ನನ್ನ ದೃಷ್ಟಿಯಲ್ಲಿ ವ್ಯಾಯಾಮವೇ ಮುಖ್ಯ, ಸ್ಪ್ಲಿಂಟ್ ಅದಕ್ಕೆ ಒತ್ತಾಸೆ. ಬೆಳಿಗ್ಗೆ ಪಾದವನ್ನು ನೆಲಕ್ಕೆ ಊರುವ ಮೊದಲೇ ಹಾಸಿಗೆಯ ಅಂಚಿನಲ್ಲಿ ಕುಳಿತು, ನೋವಿರುವ ಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು, ಕೈಯಿಂದ ಬೆರಳುಗಳನ್ನು ಮೊಳಕಾಲಿನ ಕಡೆಗೆ ಹಿಂದಕ್ಕೆ ಬಾಗಿಸಿ 10 ಎಣಿಸುವಷ್ಟು ಹೊತ್ತು ಹಿಡಿಯಿರಿ. ಸರಿಯಾಗಿ ಮಾಡಿದರೆ ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿಯುವುದು ಇನ್ನೊಂದು ಕೈಯ ಬೆರಳಿಗೆ ತಿಳಿಯುತ್ತದೆ. ಹೀಗೆ 10 ಸಲ, ದಿನಕ್ಕೆ 3 ಬಾರಿ ಮಾಡಬೇಕು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೀನಖಂಡವನ್ನು ಮಾತ್ರ ಹಿಗ್ಗಿಸಿದವರಿಗಿಂತ ಹೀಗೆ ಅಂಗಾಲಿನ ಪಟ್ಟಿಯನ್ನು ಹಿಗ್ಗಿಸಿದವರಿಗೆ 8 ವಾರಗಳಲ್ಲಿ ಬೆಳಗಿನ ನೋವು ಹೆಚ್ಚು ಇಳಿದಿತ್ತು. ದೀರ್ಘಕಾಲ ನಿಲ್ಲುವ ಕೆಲಸದವರಾದ ನೀವು, ನೋವು ತುಸು ತಗ್ಗಿದ ಮೇಲೆ, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನೂ ದಿನ ಬಿಟ್ಟು ದಿನ ಮಾಡುವುದು ಒಳ್ಳೆಯದು. ಕೆಲಸದ ವೇಳೆ ಹಿಮ್ಮಡಿಗೆ ಮೆತ್ತೆಯಿರುವ, ಕಮಾನಿಗೆ ಆಸರೆ ಕೊಡುವ ಪಾದರಕ್ಷೆ ಬೇಕು. ಮನೆಯೊಳಗೂ ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಹಿಮ್ಮಡಿಯನ್ನು ಹಿಂದಕ್ಕೆ ತಾಗಿಸಿ, ಪಟ್ಟಿಗಳನ್ನು ಸಡಿಲಿಸಿ ಕಟ್ಟಿಕೊಂಡಾಗಿನಿಂದ ಜೋಮು ನಿಂತಿದೆ, ಬೆಳಗಿನ ಜಾವದವರೆಗೂ ಸ್ಪ್ಲಿಂಟ್ ಉಳಿಯುತ್ತಿದೆ. ಇನ್ನೆರಡು ಸಂದೇಹಗಳಿವೆ. ಎಕ್ಸ್-ರೇಯಲ್ಲಿ ಹಿಮ್ಮಡಿ ಮೂಳೆಯಿಂದ ಮುಳ್ಳಿನಂತೆ ಚಾಚಿದ ಬೆಳವಣಿಗೆ ಕಂಡಿದೆ. ಅದಿರುವಾಗ ಸ್ಪ್ಲಿಂಟ್ ಕಟ್ಟಬಹುದೇ? ನನ್ನ ತಾಯಿಯವರಿಗೂ ಹಿಮ್ಮಡಿ ನೋವಿದೆ. ಅವರಿಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದ್ದು, ಪಾದಗಳಲ್ಲಿ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲ. ಅವರೂ ಇದನ್ನೇ ಬಳಸಬಹುದೇ?

ಉತ್ತರ 4 (ವೈದ್ಯರು)

ಮೂಳೆಯ ಮುಳ್ಳಿನ ಬಗ್ಗೆ ಚಿಂತಿಸಬೇಡಿ. ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್-ರೇಯಲ್ಲಿ ಅದು ಕಾಣುತ್ತದೆ, ತೀವ್ರ ನೋವಿರುವ ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ. ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ಸ್ಪ್ಲಿಂಟನ್ನೂ ವ್ಯಾಯಾಮವನ್ನೂ ಮುಂದುವರಿಸಿ.

ನಿಮ್ಮ ತಾಯಿಯವರಿಗೆ ಮಾತ್ರ ನಿಮ್ಮ ಸ್ಪ್ಲಿಂಟನ್ನು ಕಟ್ಟಬೇಡಿ. ಪಟ್ಟಿ ಒತ್ತುತ್ತಿರುವುದು ನಿಮಗೆ ತಿಳಿದು ಎಚ್ಚರವಾಯಿತು. ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಆ ಎಚ್ಚರಿಕೆ ಸಿಗುವುದಿಲ್ಲ, ಒಂದೇ ರಾತ್ರಿಯ ಒತ್ತಡದಿಂದ ಚರ್ಮ ಕೆಂಪಾಗಿ ಹುಣ್ಣಾಗಬಹುದು. ಸಕ್ಕರೆ ಕಾಯಿಲೆಯಿರುವವರಲ್ಲಿ ಅಂಥ ಹುಣ್ಣು ಮಾಯುವುದು ಕಷ್ಟ. ಕಾಲಿನ ರಕ್ತಸಂಚಾರ ಕಡಿಮೆಯಿರುವವರಿಗೂ ಪಾದದಲ್ಲಿ ಗಾಯವಿರುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಅಲ್ಲದೆ ಅವರ ನೋವಿನ ಕಾರಣವೂ ನಿಮ್ಮದೇ ಆಗಿರಬೇಕೆಂದಿಲ್ಲ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದಾಗ ತೀವ್ರವಾಗಿ ನೋಯುತ್ತದೆಯೇ ಎಂದು ವೈದ್ಯರು ನೋಡುತ್ತಾರೆ, ಏಕೆಂದರೆ ಅದು ಮೂಳೆಯ ಸೂಕ್ಷ್ಮ ಬಿರುಕಿನ ಸೂಚನೆಯಾಗಿರಬಹುದು. ಉರಿ ಮತ್ತು ಜೋಮು ಮುಖ್ಯವಾಗಿದ್ದರೆ ನರದ ತೊಂದರೆಯ ಶಂಕೆ ಬರುತ್ತದೆ. ವಿಶ್ರಾಂತಿಯಲ್ಲಿಯೂ ರಾತ್ರಿಯಲ್ಲಿಯೂ ಬಿಡದೆ ನೋಯುತ್ತಿದ್ದರೆ, ಊತ, ಕೆಂಪು ಅಥವಾ ಜ್ವರವಿದ್ದರೆ ತಡಮಾಡದೆ ತೋರಿಸಬೇಕು.

ಅವರನ್ನು ಕರೆದೊಯ್ಯುವಾಗ ಹಿಮ್ಮಡಿಯನ್ನಷ್ಟೇ ಅಲ್ಲದೆ ಎರಡೂ ಪಾದಗಳ ಸ್ಪರ್ಶವನ್ನೂ ನಾಡಿಯನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಿ. ಅಲ್ಲಿಯವರೆಗೆ ಪ್ರತಿ ರಾತ್ರಿ ಅವರ ಅಂಗಾಲು, ಹಿಮ್ಮಡಿ ಮತ್ತು ಬೆರಳ ಸಂದುಗಳನ್ನು ಬೆಳಕಿನಲ್ಲಿ ನೀವೇ ನೋಡುತ್ತಿರಿ.