ಜಗಳ ಆದಮೇಲೆ ಅವರನ್ನ ನಾನೇ ಸಮಾಧಾನ ಮಾಡಬೇಕಾಗುತ್ತೆ

ಪ್ರಶ್ನೆ

ನನ್ನ ಗಂಡ ಕೆಟ್ಟವರಲ್ಲ. ಆದರೆ ಮಾತಿಗೆ ಮಾತು ಬೆಳೆದರೆ ಹಳೇದನ್ನೆಲ್ಲ ಎತ್ತಿ ಆಡ್ತಾರೆ. ಮೊನ್ನೆ ಕರೆಂಟ್ ಬಿಲ್ ಕಟ್ಟೋದು ಮರೆತುಹೋಯ್ತು ಅಂತ ಶುರುವಾದ ಜಗಳ. "ನಿನಗೆ ಯಾವತ್ತು, ಯಾವುದರ ಮೇಲೆ ಗಮನ ಇತ್ತು?" ಅಂತ ಮಗಳ ಎದುರೇ ಕೂಗಾಡಿದರು. ಸ್ವಲ್ಪ ಹೊತ್ತಿಗೆ ಬಂದು ತಲೆ ಹಿಡ್ಕೊಂಡು ಕೂತರು. "ನಾನು ಮನುಷ್ಯನೇ ಅಲ್ಲ, ನನ್ನನ್ನ ಕಟ್ಕೊಂಡು ನೀನು ಕೆಟ್ಟೆ" ಅಂತ ಅಳು. ನಾನೇ ಬೆನ್ನು ಸವರಿ "ಹೋಗ್ಲಿ ಬಿಡಿ" ಅಂದೆ. ಅವರಿಗೆ ನಿದ್ದೆ ಬಂತು, ನನಗೆ ಬರಲಿಲ್ಲ.

ಪ್ರತಿ ಸಲವೂ ಹೀಗೇ. ಅವರ ಪಶ್ಚಾತ್ತಾಪ ನಾಟಕ ಅಲ್ಲ, ನನಗೆ ಗೊತ್ತು. ಆದರೆ ನನಗೆ ಏನಾಯ್ತು ಅಂತ ಹೇಳೋಕೆ ಅಲ್ಲಿ ಜಾಗವೇ ಇರಲ್ಲ. ಈಗೀಗ ಅವರು ಹತ್ತಿರ ಬಂದರೆ ಮೈ ಬಿಗಿಯಾಗುತ್ತೆ. ಕೋಪ ಕೂಡ ಇಲ್ಲ. ಮತ್ತೆ ಯಾಕೆ ಹೀಗೆ?

ಉತ್ತರ 1

ಯಾಕೆ ಅಂದ್ರೆ ನಿಮ್ಮ ನೋವನ್ನ ಇನ್ನೂ ಯಾರೂ ಕೇಳಿಲ್ಲ. "ನಾನು ಮನುಷ್ಯನೇ ಅಲ್ಲ" ಅನ್ನೋ ಮಾತಲ್ಲಿ ನೀವು ಎಲ್ಲಿದ್ದೀರಿ? "ಮಗಳ ಎದುರು ನಿನ್ನನ್ನ ಹೀಯಾಳಿಸಿದೆ, ತಪ್ಪು ನನ್ನದು" ಅಂದಿದ್ದರೆ ನಿಮ್ಮ ಮೈ ಬೇರೆ ಥರ ಸ್ಪಂದಿಸ್ತಿತ್ತು.

ಸಂಶೋಧಕ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮೆ ಕೇಳೋದರ ಆರು ಅಂಶಗಳನ್ನ ಹೋಲಿಸಿ ನೋಡಿದ್ದರು. ಅದು ದಂಪತಿಗಳ ಬಗ್ಗೆ ಮಾಡಿದ ಅಧ್ಯಯನ ಅಲ್ಲ, ಆದರೂ ಇಲ್ಲಿಗೆ ಒಪ್ಪುತ್ತೆ ಅಂತ ನನ್ನ ಅನಿಸಿಕೆ. ಜನ ಹೆಚ್ಚು ಬೆಲೆ ಕೊಟ್ಟಿದ್ದು ಹೊಣೆ ಒಪ್ಪಿಕೊಳ್ಳೋದಕ್ಕೆ, ಅದಾದ ಮೇಲೆ ಸರಿಪಡಿಸ್ತೀನಿ ಅನ್ನೋದಕ್ಕೆ. "ಕ್ಷಮಿಸಿಬಿಡು" ಅನ್ನೋ ಬೇಡಿಕೆ ಎಲ್ಲಕ್ಕಿಂತ ಕೆಳಗಿತ್ತು.

ಉತ್ತರ 2

ಮೊದಲು ಒಂದು ಕೇಳ್ತೀನಿ: ಅವರು ಕೂಗಾಡುವಾಗ ನಿಮಗೆ ಭಯ ಆಗುತ್ತಾ? ಆಗೋದಾದರೆ ಈ ಸಲಹೆಗಳನ್ನೆಲ್ಲ ಬದಿಗಿಟ್ಟು ನೀವೊಬ್ಬರೇ ಹೋಗಿ ಆಪ್ತಸಮಾಲೋಚಕರನ್ನ ಕಾಣಿ.

ಭಯ ಇಲ್ಲ ಅಂದ್ರೆ, ಅಳೋದಕ್ಕಿಂತ ಮುಂಚಿನ ಗಳಿಗೆ ನೋಡಿ. ಬಿಲ್ ಕಟ್ಟಿಲ್ಲ ಅನ್ನೋದು ದೂರು. ಯಾವತ್ತು ಗಮನ ಇತ್ತು ಅನ್ನೋದು ನಿಮ್ಮ ವ್ಯಕ್ತಿತ್ವಕ್ಕೇ ಹೊಡೆತ. ದಂಪತಿಗಳ ಜಗಳಗಳನ್ನ ದಶಕಗಟ್ಟಲೆ ಗಮನಿಸಿದ ಜಾನ್ ಗಾಟ್‌ಮನ್ ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳ್ತಾರೆ. ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹೋಗೋದೇ ಕಷ್ಟ, ಕನಿಷ್ಠ 20 ನಿಮಿಷ ಬಿಡುವು ಬೇಕು ಅಂತಲೂ ಅವರೇ ಹೇಳಿದ್ದು. ಆ ಬಿಡುವಲ್ಲಿ ನಿಮ್ಮ ಗಂಡ ಜಗಳವನ್ನೇ ಮೆಲುಕು ಹಾಕ್ತಾ ಕೂತರೆ ಮಾತ್ರ ಪ್ರಯೋಜನ ಇಲ್ಲ.

ಪ್ರಶ್ನೆ ಕೇಳಿದವರು

ಭಯ ಇಲ್ಲ. ದಣಿವು. ಮಗಳ ಹತ್ತಿರ ಅವರೇ ಕೂತು ಮಾತಾಡಬೇಕು ಅಂತ ನನ್ನ ಆಸೆ. ಆದರೆ ಅದನ್ನ ಹೇಳಿದರೆ ಇನ್ನಷ್ಟು ಕುಗ್ಗಿಬಿಟ್ಟರೆ?

ಉತ್ತರ 1

ಕುಗ್ಗಬಹುದು. ಆಗ ಬೆನ್ನು ಸವರೋಕೆ ಹೋಗ್ಬೇಡಿ. "ನೀವು ಅಳೋದು ಕಾಣ್ತಿದೆ, ಆದರೂ ನನ್ನ ಮಾತು ಪೂರ್ತಿ ಕೇಳಿ" ಅನ್ನಿ. ಜಗಳದ ರಾತ್ರಿ ಮಾತ್ರ ಬೇಡ, ಇಬ್ಬರ ಮನಸ್ಸೂ ತಿಳಿಯಾಗಿರೋ ದಿನ ನೋಡಿ ಹೇಳಿ.