ಕಡಿಮೆ ಬೆಲೆಯ ಸಿಹಿ ವೈಟ್ ವೈನ್: ಲೇಬಲ್ ಓದಿಯೇ ಆರಿಸೋದು ಹೇಗೆ?

ಅಪರೂಪದ ಗ್ಲಾಸ್ (ಪ್ರಶ್ನೆ):
ಯಾವಾಗಲೋ ಒಮ್ಮೆ ಒಂದು ಗ್ಲಾಸ್ ಕುಡಿಯುವವರಿಗೆ ಹೊಂದುವ, ಜೇಬಿಗೆ ಭಾರವಾಗದ ಸಿಹಿ ವೈಟ್ ವೈನ್ ಯಾವುದು? ಬಾಟಲಿ ಮೇಲೆ "ಫ್ರೂಟಿ" ಅಂತ ಇರುತ್ತೆ, ಬಾಯಿಗೆ ಹಾಕಿದರೆ ಬರೀ ಹುಳಿ. ಗುಳ್ಳೆ ಬರುವ ವೈನ್ ಮೇಲಿನ "ಎಕ್ಸ್‌ಟ್ರಾ ಡ್ರೈ" ಅನ್ನೋದು "ಬ್ರೂಟ್"ಗಿಂತ ಸಿಹಿ ಅಂತಾರೆ, ಅದೇನು ಲೆಕ್ಕವೋ ಗೊತ್ತಾಗಲ್ಲ. ಹಾಗಂತ ಪಾಕದ ಥರ ಗಂಟಲಿಗೆ ಅಂಟುವಂಥದ್ದೂ ಬೇಡ. ಅಂಗಡಿಯಲ್ಲಿ ನಿಂತು, ರುಚಿ ನೋಡದೆ, ಲೇಬಲ್ ನೋಡಿಯೇ ತೀರ್ಮಾನ ಮಾಡೋಕೆ ಆಗುತ್ತಾ?

ಹುಳಿಸಿಹಿ:
ಆಗುತ್ತೆ. ಹೂವು, ಹಣ್ಣು, ಜೇನು ಅಂತ ಬರೆದಿರೋ ಹೊಗಳಿಕೆ ಬಿಟ್ಟುಬಿಡಿ. ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ಹುಡುಕಿ.

ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇ 1 ಆಲ್ಕೋಹಾಲ್ ಹುಟ್ಟುತ್ತೆ. ಈಗ ದ್ರಾಕ್ಷಿರಸದಲ್ಲಿ ಲೀಟರಿಗೆ 200 ಗ್ರಾಂ ಸಕ್ಕರೆ ಇತ್ತು ಅಂದುಕೊಳ್ಳಿ. ಪೂರ್ತಿ ಹುದುಗಲು ಬಿಟ್ಟರೆ ಶೇ 12ರ ಹತ್ತಿರ ಹೋಗಿ ಸಿಹಿಯೇ ಉಳಿಯಲ್ಲ. ಶೇ 8ಕ್ಕೆ ತಡೆದರೆ 136 ಗ್ರಾಂ ಖರ್ಚು, 64 ಗ್ರಾಂ ಬಾಟಲಿಯಲ್ಲೇ ಉಳಿಯುತ್ತೆ. ಅಂದರೆ ಆಲ್ಕೋಹಾಲ್ ಕಡಿಮೆ ಇದ್ದಷ್ಟೂ ಸಿಹಿ ಉಳಿದಿರುವ ಸಾಧ್ಯತೆ ಹೆಚ್ಚು. ಶೇ 5-6 ಇದ್ದರೆ ಕಣ್ಣುಮುಚ್ಚಿ ಸಿಹಿ ಅನ್ನಬಹುದು. 7.5ರಿಂದ 9ರವರೆಗೆ ಸಾಮಾನ್ಯವಾಗಿ ಹದವಾದ ಸಿಹಿ. 12.5 ದಾಟಿದ ಮಾಮೂಲಿ ವೈಟ್ ವೈನ್ ಬಹುಪಾಲು ಡ್ರೈ, ಅಂದರೆ ಸಿಹಿ ಇಲ್ಲದ್ದು.

ಮೊದಲ ಬಾಟಲಿಗೆ ಮೊಸ್ಕಾತೊ ದಾಸ್ತಿ ತಗೊಳ್ಳಿ. ಇಟಲಿಯ ಪಿಯೆಮೊಂತೆ ಪ್ರಾಂತ್ಯದ್ದು. ಹುದುಗುತ್ತಿರುವ ರಸವನ್ನು ಒತ್ತಡದ ಟ್ಯಾಂಕಿನಲ್ಲಿ ಜೋರಾಗಿ ತಣ್ಣಗೆ ಮಾಡಿ, ಯೀಸ್ಟ್ ಸೋಸಿ ತೆಗೆದು, ಶೇ 5ರ ಆಸುಪಾಸಿನಲ್ಲೇ ನಿಲ್ಲಿಸುತ್ತಾರೆ. ಲೀಟರಿಗೆ 100 ಗ್ರಾಂ ಮೇಲೆ ಸಕ್ಕರೆ ಇದ್ದರೂ ಸಣ್ಣ ಗುಳ್ಳೆ ಇರುವುದರಿಂದ ಭಾರ ಅನ್ನಿಸಲ್ಲ. ವರ್ಷಗಟ್ಟಲೆ ಪೀಪಾಯಿಯಲ್ಲಿ ಇಡುವ ವೈನ್ ಅಲ್ಲವಾದ್ದರಿಂದ ಬೆಲೆಯೂ ಕೈಗೆಟಕುತ್ತೆ. ಒಂದೇ ಎಚ್ಚರಿಕೆ: ಲೇಬಲ್ ಮೇಲಿನ ವರ್ಷ ನೋಡಿ, ಸಿಕ್ಕಿದ್ದರಲ್ಲಿ ಹೊಸದನ್ನೇ ತಗೊಳ್ಳಿ. ಅದರ ಜೀವವೇ ಘಮ, ಎರಡು ವರ್ಷ ಕಳೆದರೆ ಘಮ ಇಳಿದು ಸಕ್ಕರೆ ನೀರು ಉಳಿಯುತ್ತೆ.

ಬರೀ "ಆಸ್ತಿ" ಅಂತ ಇದ್ದರೆ ಅದೇ ಮೊಸ್ಕಾತೊ ದ್ರಾಕ್ಷಿಯ, ಶಾಂಪೇನ್ ಥರ ಭರ್ತಿ ಗುಳ್ಳೆಯ ವೈನ್. ಅದಕ್ಕೆ ಅಣಬೆಯಾಕಾರದ ಕಾರ್ಕ್, ತಂತಿಯ ಪಂಜರ. ಮೊಸ್ಕಾತೊ ದಾಸ್ತಿಗೆ ಸಾಮಾನ್ಯವಾಗಿ ಮಾಮೂಲಿ ಕಾರ್ಕ್.

ನಿಂಬೆಹನಿ:
ಪಾಕದ ಥರ ಬೇಡ ಅಂದವರಿಗೆ ಮೊಸ್ಕಾತೊ ಹೇಳ್ತೀರಲ್ಲ! ಎರಡನೇ ಗ್ಲಾಸಿಗೇ ಸಾಕು ಅನ್ನಿಸಬಹುದು. ನನ್ನ ಮತ ಜರ್ಮನಿಯ ರೀಸ್ಲಿಂಗ್ ದ್ರಾಕ್ಷಿಯ ವೈನ್‌ಗೆ. ಕಾರಣ ಹುಳಿ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಿ. ಎರಡು ಗ್ಲಾಸಿನಲ್ಲಿ 200 ಮಿ.ಲೀ. ತಣ್ಣೀರು, ಪ್ರತಿಯೊಂದಕ್ಕೂ ಎರಡು ಸಣ್ಣ ಚಮಚ, ಅಂದರೆ ಸುಮಾರು 8 ಗ್ರಾಂ ಸಕ್ಕರೆ. ಲೀಟರಿಗೆ 40 ಗ್ರಾಂ ಲೆಕ್ಕ ಆಯ್ತು. ಒಂದು ಗ್ಲಾಸಿಗೆ ಮಾತ್ರ ಐದು ಸಣ್ಣ ಚಮಚ ನಿಂಬೆರಸ ಹಿಂಡಿ. ಸಕ್ಕರೆ ಎರಡರಲ್ಲೂ ಒಂದೇ, ಆದರೆ ಬರೀ ಸಕ್ಕರೆ ನೀರು ಸಪ್ಪೆಸಿಹಿಯಾಗಿ ನಾಲಿಗೆ ಮೇಲೆ ಕೂತುಬಿಡುತ್ತೆ, ನಿಂಬೆಯದ್ದು ಇನ್ನೊಂದು ಗುಟುಕು ಕೇಳುತ್ತೆ. ರೀಸ್ಲಿಂಗ್‌ನದು ಇದೇ ಗುಟ್ಟು. ಕಡಿಮೆ ಬೆಲೆಯ ಸಿಹಿ ವೈನ್ ಮುಖ ಸಿಂಡರಿಸುವಂತೆ ಮಾಡೋದು ಸಕ್ಕರೆ ಜಾಸ್ತಿಯಾಗಿ ಅಲ್ಲ, ಹುಳಿ ಸಾಲದೆ.

ಲೇಬಲ್‌ನಲ್ಲಿ "ಕಾಬಿನೆಟ್" ಇದ್ದು, ಆಲ್ಕೋಹಾಲ್ ಶೇ 8-9 ಇದ್ದು, "ಟ್ರೋಕನ್" ಪದ ಇಲ್ಲದಿದ್ದರೆ ಎತ್ಕೊಳ್ಳಿ. ಮೋಸೆಲ್ (ಜರ್ಮನಿಯ ಒಂದು ವೈನ್ ಸೀಮೆ) ಅಂತ ಇದ್ದರೆ ಇನ್ನೂ ಒಳ್ಳೆಯದು. ಟ್ರೋಕನ್ ಅಂದರೆ ಡ್ರೈ. ಹಾಲ್ಬ್‌ಟ್ರೋಕನ್ ಅಂದರೆ ಅರೆ ಡ್ರೈ. ಫೈನ್‌ಹೆರ್ಬ್ ಅನ್ನೋ ಪದಕ್ಕೆ ಕಾನೂನಿನ ಅಳತೆ ಇಲ್ಲ, ಸಾಮಾನ್ಯವಾಗಿ ಅರೆ ಡ್ರೈಯೇ. ಲೀಬ್ಲಿಷ್ ಅಂದರೆ ಎದ್ದು ಕಾಣುವ ಸಿಹಿ. ಜನ ಎಡವೋದು ಕಾಬಿನೆಟ್, ಷ್ಪೇಟ್‌ಲೇಸೆ, ಔಸ್‌ಲೇಸೆ ಇವನ್ನು ಸಿಹಿಯ ಮೆಟ್ಟಿಲು ಅಂದುಕೊಂಡು. ಇವು ಕೊಯ್ಲಿನ ದಿನ ದ್ರಾಕ್ಷಿ ಎಷ್ಟು ಮಾಗಿತ್ತು ಅನ್ನೋದರ ಅಳತೆ, ಬಾಟಲಿಯಲ್ಲಿ ಉಳಿದ ಸಕ್ಕರೆಯದ್ದಲ್ಲ. "ಷ್ಪೇಟ್‌ಲೇಸೆ ಟ್ರೋಕನ್" ಅಂತಲೂ ಇರುತ್ತೆ, ಅದು ಡ್ರೈಯೇ.

ಕೆಲವು ರೀಸ್ಲಿಂಗ್ ಬಾಟಲಿಗಳ ಹಿಂದೆ ಡ್ರೈನಿಂದ ಸ್ವೀಟ್‌ವರೆಗೆ ಒಂದು ಪಟ್ಟಿ, ಅದರ ಮೇಲೆ ಬಾಣದ ಗುರುತು ಇರುತ್ತೆ. ಸಕ್ಕರೆಗೂ ಹುಳಿಗೂ ಇರುವ ಅನುಪಾತ ನೋಡಿ ಹಾಕಿದ್ದು, ನಂಬಬಹುದು. ಬಾಣ "ಮೀಡಿಯಂ ಸ್ವೀಟ್" ಹತ್ತಿರ ಇದ್ದರೆ ನೀವು ಕೇಳಿದ್ದು ಅದೇ.

ಬಾಟಲಿ ತಿರುಗಿಸಿ:
ಇಬ್ಬರೂ ಹೇಳಿದ್ದು ಸರಿ, ಆದರೆ ಆಲ್ಕೋಹಾಲ್ ಲೆಕ್ಕ ಎರಡೂ ಕಡೆ ಕೈಕೊಡುತ್ತದೆ. ಪೋರ್ಚುಗಲ್‌ನ ವಿನ್ಹೊ ವೆರ್ದೆ ಶೇ 9-11 ಇದ್ದೂ ಹೆಚ್ಚಾಗಿ ಡ್ರೈ, ಏಕೆಂದರೆ ಅಲ್ಲಿ ದ್ರಾಕ್ಷಿಯಲ್ಲೇ ಸಕ್ಕರೆ ಕಡಿಮೆ. ಫ್ರಾನ್ಸ್‌ನ ಸೊಟೆರ್ನ್ ಶೇ 13-14 ಇದ್ದೂ ಅತಿ ಸಿಹಿ, ಏಕೆಂದರೆ ಅಲ್ಲಿ ಬೂಷ್ಟು ಹಿಡಿದು ಒಣಗಿದ ದ್ರಾಕ್ಷಿ. ಫ್ರಾನ್ಸ್‌ನದೇ ಆದ ಮಸ್ಕಾ ದ ಬೋಮ್ ದ ವೆನೀಸ್ ಥರದವು ಶೇ 15, ಸ್ಪಿರಿಟ್ ಸೇರಿಸಿ ಹುದುಗು ನಿಲ್ಲಿಸಿದ್ದು.

ಊಹೆಯೇ ಬೇಡ ಅನ್ನುವವರಿಗೆ ಒಂದು ದಾರಿ ಇದೆ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗಳಿಗೆ ಯುರೋಪಿಯನ್ ಒಕ್ಕೂಟದಲ್ಲಿ ಪೌಷ್ಟಿಕಾಂಶದ ವಿವರ ಕಡ್ಡಾಯ. ಬಹಳಷ್ಟು ಬಾಟಲಿಗಳಲ್ಲಿ ಅದು ಕ್ಯೂಆರ್ ಕೋಡ್ ಹಿಂದೆ ಇರುತ್ತದೆ. ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ, 100 ಮಿ.ಲೀ.ಗೆ ಸಕ್ಕರೆ ಎಷ್ಟು ಗ್ರಾಂ ಅಂತ ನೋಡಿ, ಹತ್ತರಿಂದ ಗುಣಿಸಿ. 30ರಿಂದ 60 ಬಂದರೆ, ಹುಳಿ ಇರುವ ದ್ರಾಕ್ಷಿಯಾದರೆ, ಪ್ರಶ್ನೆ ಕೇಳಿದವರ ನಾಲಿಗೆಗೆ ಸರಿ.

ಗುಳ್ಳೆ ವೈನ್‌ನ ಪದಗಳು ಹಳೆಯ ಕಾಲದವು, ಜನ ತುಂಬಾ ಸಿಹಿ ಕುಡಿಯುತ್ತಿದ್ದಾಗಿನವು. ಅದಕ್ಕೇ ಗೊಂದಲ. ಲೀಟರಿಗೆ 12 ಗ್ರಾಂಗಿಂತ ಕಡಿಮೆಯಾದರೆ ಬ್ರೂಟ್, 12-17 ಎಕ್ಸ್‌ಟ್ರಾ ಡ್ರೈ, 17-32 ಡ್ರೈ ಅಥವಾ ಸೆಕ್, 32-50 ಡೆಮಿ-ಸೆಕ್, ಅದರಾಚೆ ಡೂ. ನಿಮಗೆ ಬೇಕಾದ್ದು ಡೆಮಿ-ಸೆಕ್. ಫ್ರಾನ್ಸ್‌ನ ಲುವಾರ್ ಕಣಿವೆಯ ವೂವ್ರೇ ವೈನ್ ಮೇಲೂ ಇದೇ ಪದ ಕಾಣುತ್ತದೆ. ಶನಾ ಬ್ಲಾ ದ್ರಾಕ್ಷಿ, ಹುಳಿ ಗಟ್ಟಿಯಾಗಿಯೇ ಇರುತ್ತದೆ.

ಗೆವುರ್ಟ್ಸ್‌ಟ್ರಾಮಿನರ್ ದ್ರಾಕ್ಷಿಯ ವೈನ್ ವಿಷಯದಲ್ಲಿ ಹುಷಾರು. ಮೂಗಿಗೆ ಗುಲಾಬಿ, ಲಿಚಿ; ಸಿಹಿಯೇ ಅನ್ನಿಸುತ್ತದೆ. ಬಾಯಿಗೆ ಬಿದ್ದಾಗ ಡ್ರೈ ಇರಬಹುದು, ಕೊನೆಗೆ ಸಣ್ಣ ಕಹಿಯೂ ಇರಬಹುದು. "ಫ್ರೂಟಿ" ಅನ್ನೋದು ಮೂಗಿನ ಸುದ್ದಿ, "ಸ್ವೀಟ್" ನಾಲಿಗೆಯದ್ದು.

ಇನ್ನು ಸೊಟೆರ್ನ್ ಬೆಲೆ ನೋಡಿ ಗಾಬರಿಯಾಗಬೇಡಿ. ಬೂಷ್ಟು ಹಿಡಿದ ಕಾಯಿಗಳನ್ನು ಹಲವು ಸುತ್ತಿನಲ್ಲಿ ಕೈಯಿಂದ ಬಿಡಿಸಬೇಕು, ರಸವೂ ಅತ್ಯಲ್ಪ. ಆ ರುಚಿ ನೋಡಲೇಬೇಕಿದ್ದರೆ ಅದೇ ಸೀಮೆಯ ಲೂಪಿಯಾಕ್, ಕಾಡಿಯಾಕ್, ಅಥವಾ ಸ್ವಲ್ಪ ದೂರದ ಮೊಬಾಜಿಯಾಕ್ ಕಡಿಮೆಗೆ ಸಿಗುತ್ತವೆ. 375 ಮಿ.ಲೀ. ಅರೆ ಬಾಟಲಿ ಸಾಕು.

ಅಪರೂಪದ ಗ್ಲಾಸ್:
ಕಾಬಿನೆಟ್ ಕಡೆ ಮನಸ್ಸು ವಾಲುತ್ತಿದೆ. ತೆರೆದ ಮೇಲೆ ಎಷ್ಟು ದಿನ? ಎಷ್ಟು ತಣ್ಣಗಿರಬೇಕು? ತಳದಲ್ಲಿ ಗಾಜಿನ ಚೂರಿನಂಥ ಹರಳು ಇದ್ದರೆ ಕೆಟ್ಟಿದೆ ಅಂತಲಾ?

ಹುಳಿಸಿಹಿ:
ಹರಳು ಟಾರ್ಟಾರಿಕ್ ಆಮ್ಲದ ಉಪ್ಪು, ಚಳಿಗೆ ಕಟ್ಟಿಕೊಳ್ಳುತ್ತೆ. ಏನೂ ತೊಂದರೆಯಿಲ್ಲ, ಕೊನೆಯ ಗುಟುಕು ಬಾಟಲಿಯಲ್ಲೇ ಬಿಡಿ. ಹಳೆಯ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆ ವಾಸನೆ ಬಂದರೂ ಹೆದರಬೇಡಿ, ಅದು ಆ ದ್ರಾಕ್ಷಿಯ ಗುಣ.

6ರಿಂದ 9 ಡಿಗ್ರಿ ಸೆಲ್ಸಿಯಸ್ ಸರಿ. ಫ್ರಿಜ್‌ನಲ್ಲಿ ಎರಡೂವರೆ, ಮೂರು ಗಂಟೆ. ಅವಸರ ಇದ್ದರೆ ಬಕೆಟ್‌ನಲ್ಲಿ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು, ಇಪ್ಪತ್ತು ನಿಮಿಷ. ಬರೀ ಐಸ್ ಹಾಕಿದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತೆ, ನಿಧಾನ. ಫ್ರೀಜರ್‌ನಲ್ಲಿ ಇಟ್ಟು ಮರೆಯೋದು ಬೇಡ. ಆಲ್ಕೋಹಾಲ್ ಕಡಿಮೆ ಇರೋ ವೈನ್ ಬೇಗ ಗಟ್ಟಿಯಾಗಿ ಕಾರ್ಕ್ ತಳ್ಳುತ್ತೆ. ಬೆಚ್ಚಗಾದರೆ ಸಿಹಿ ಮುಂದೆ ಬಂದು ಹುಳಿ ಮಂಕಾಗುತ್ತೆ, ಹಾಗಾಗಿ ಗ್ಲಾಸಿಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ.

ತೆರೆದ ರೀಸ್ಲಿಂಗ್ ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿ ನಿಲ್ಲಿಸಿಟ್ಟರೆ ನಾಲ್ಕೈದು ದಿನ. ಮೊಸ್ಕಾತೊಗೆ ಎರಡೇ ದಿನ, ಗುಳ್ಳೆ ಹೋದರೆ ಮಜಾ ಹೋಯ್ತು.

ನಿಂಬೆಹನಿ:
ಒಂದು ಸೇರಿಸ್ತೀನಿ. ಎಳೆಯ ಕಾಬಿನೆಟ್ ಸುರಿದಾಗ ನಾಲಿಗೆಗೆ ಚುಮುಚುಮು ಅನ್ನೋ ಸಣ್ಣ ಗುಳ್ಳೆ ಇರಬಹುದು, ಅದು ಮಾಮೂಲು. ಆದರೆ ಕಾರ್ಕ್ ಬಾಯಿಂದ ಮೇಲೆ ಉಬ್ಬಿದ್ದು, ವೈನ್ ಮಬ್ಬಾಗಿದ್ದು, ಹಿಟ್ಟು ಹುದುಗಿದ ವಾಸನೆ ಬಂದರೆ ಉಳಿದ ಸಕ್ಕರೆಯನ್ನು ಯೀಸ್ಟ್ ಬಾಟಲಿಯೊಳಗೇ ಮತ್ತೆ ತಿನ್ನೋಕೆ ಶುರುಮಾಡಿದೆ ಅಂತ ಅರ್ಥ. ಅಂಗಡಿಯಲ್ಲಿ ಉಬ್ಬಿದ ಕಾರ್ಕ್ ಕಂಡರೆ, ಅಥವಾ ಬಾಟಲಿ ಬಿಸಿಲು ಬೀಳುವ ಕಿಟಕಿಯಲ್ಲಿ ನಿಂತಿದ್ದರೆ, ಪಕ್ಕದ ಬಾಟಲಿ ತಗೊಳ್ಳಿ. ಮನೆಗೆ ತಂದ ಮೇಲೆ ಗೊತ್ತಾದರೆ ಚೆಲ್ಲಬೇಡಿ, ಹಾಗೇ ಮುಚ್ಚಿ ಬಿಲ್ ಜೊತೆ ವಾಪಸ್ ಕೊಡಿ.