‘ವೈಲ್ಡ್’ ಚಿತ್ರದ ಶೆರಿಲ್ ಬದಲಾಗುವುದು ಎಲ್ಲಿ?

ವಸುಧಾ ಎಚ್.

ಝಾನ್-ಮಾರ್ಕ್ ವಾಲೇ ನಿರ್ದೇಶನದ ‘ವೈಲ್ಡ್’ (2014) ಚಿತ್ರವನ್ನು ಈಚೆಗೆ ಮತ್ತೊಮ್ಮೆ ನೋಡಿದೆ. ಶೆರಿಲ್ ಸ್ಟ್ರೇಡ್ 2012ರಲ್ಲಿ ಪ್ರಕಟಿಸಿದ ಆತ್ಮಕಥನವನ್ನು ಆಧರಿಸಿ ನಿಕ್ ಹಾರ್ನ್‌ಬಿ ಚಿತ್ರಕಥೆ ಬರೆದಿದ್ದಾರೆ. ರೀಸ್ ವಿದರ್‌ಸ್ಪೂನ್ ಶೆರಿಲ್ ಆಗಿಯೂ ಲಾರಾ ಡರ್ನ್ ಆಕೆಯ ತಾಯಿ ಬಾಬಿಯಾಗಿಯೂ ನಟಿಸಿದ್ದಾರೆ. ನಲವತ್ತೈದನೆಯ ವಯಸ್ಸಿಗೇ ತಾಯಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಮಗಳು ದಿಕ್ಕೆಟ್ಟು, ಹೆರಾಯಿನ್‌ಗೂ ಕಂಡವರ ಸಂಗಕ್ಕೂ ಬಿದ್ದು, ಮದುವೆಯನ್ನು ಮುರಿದುಕೊಂಡು, ಕೊನೆಗೆ 1995ರ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಭಾಗದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಚಾರಣದ ಹಾದಿಯಲ್ಲಿ ಒಬ್ಬಳೇ ನಡೆಯಲು ಹೊರಡುತ್ತಾಳೆ ಎಂಬುದು ಇದರ ಕಥೆ.

ನನ್ನ ತೊಡಕು ಎರಡು. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಟ್ಟ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ನೋಡುತ್ತ ಬೆಳೆದವಳಾದ್ದರಿಂದಲೋ ಏನೋ, ದೂರದ ನಡಿಗೆ ಎಂದೊಡನೆ ನನ್ನ ಮನಸ್ಸು ಹರಕೆಯನ್ನೋ ಪ್ರಾಯಶ್ಚಿತ್ತವನ್ನೋ ಹುಡುಕುತ್ತದೆ. ಈ ಚಿತ್ರದಲ್ಲಿ ಅವೆರಡೂ ಇಲ್ಲ. ಅವಳು ಬಳಲುತ್ತಾಳೆ, ಬೈಯುತ್ತಾಳೆ, ಅಳುತ್ತಾಳೆ, ಮತ್ತೆ ನಡೆಯುತ್ತಾಳೆ. ಆದರೆ ಇಂಥ ಗಳಿಗೆಯಲ್ಲಿ ಇಂಥದ್ದನ್ನು ಕಂಡು ಅವಳ ಒಳಗೆ ಇಂಥ ಬದಲಾವಣೆಯಾಯಿತು ಎಂದು ಬೆರಳಿಟ್ಟು ತೋರಿಸುವ ಜಾಗ ನನಗೆ ಸಿಗಲಿಲ್ಲ. ಎರಡನೆಯದಾಗಿ, ಕೊನೆಯಲ್ಲಿ ಸೇತುವೆಯ ಮೇಲೆ ನಿಂತ ಅವಳ ಹಿನ್ನೆಲೆ ಧ್ವನಿ ಮುಂದೆ ತನಗಾಗುವ ಮದುವೆಯನ್ನೂ ಹುಟ್ಟುವ ಮಕ್ಕಳನ್ನೂ ಹೇಳಿಬಿಡುತ್ತದೆ. ಎರಡು ಗಂಟೆ ಒಂಟಿ ಹೆಣ್ಣಿನ ನಡಿಗೆಯನ್ನು ತೋರಿಸಿ, ಅವಳು ಸರಿಹೋದಳೆಂಬುದಕ್ಕೆ ಸಾಕ್ಷಿಯಾಗಿ ಗಂಡ ಮಕ್ಕಳನ್ನು ತಂದು ನಿಲ್ಲಿಸಿದರೆ, ನಡಿಗೆ ಸಾಧಿಸಿದ್ದಾದರೂ ಏನು? ಚಿತ್ರವನ್ನು ಗಮನವಿಟ್ಟು ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ತೆರೆಯ ಹಿಂದೆ

ವಸುಧಾ ಅವರೇ, ಬದಲಾವಣೆಯನ್ನು ನೀವು ದಾರಿಯ ಮೇಲೆ ಹುಡುಕುತ್ತಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅದನ್ನು ಸಂಕಲನದಲ್ಲಿ ಹುಡುಕಬೇಕು.

ಚಿತ್ರ ಆರಂಭವಾಗುವುದೇ ನಡಿಗೆಯ ನಡುವಿನಿಂದ. ಬೆಟ್ಟದ ಅಂಚಿನಲ್ಲಿ ಕುಳಿತು ರಕ್ತ ಮೆತ್ತಿದ ಕಾಲ್ಬೆರಳ ಉಗುರನ್ನು ಕಿತ್ತುಕೊಳ್ಳುತ್ತಾಳೆ. ಒಂದು ಬೂಟು ಕೆಳಗೆ ಉರುಳಿಹೋಗುತ್ತದೆ. ಸಿಟ್ಟಿಗೆದ್ದು ಇನ್ನೊಂದನ್ನೂ ಎಸೆದು ಕಿರುಚುತ್ತಾಳೆ. ಆ ಕಿರುಚಾಟದ ಬೆನ್ನಿಗೇ ಹಳೆಯ ಬದುಕಿನ ಚಿತ್ರಗಳು ಕ್ಷಣಮಾತ್ರ ಮಿಂಚಿ ಮಾಯವಾಗುತ್ತವೆ. ಅವು ಯಾವುವೆಂದು ಆಗ ನಮಗೆ ತಿಳಿಯುವುದಿಲ್ಲ. ಮುಂದೆ ಅವೇ ತುಣುಕುಗಳು ಸ್ವಲ್ಪಸ್ವಲ್ಪವೇ ಉದ್ದವಾಗುತ್ತ, ಒಂದಕ್ಕೊಂದು ಕೂಡಿಕೊಳ್ಳುತ್ತ ಬರುತ್ತವೆ. ಸಾಮಾನ್ಯವಾಗಿ ಹಿಂದಿನ ಕಥೆ ಹೇಳುವ ಚಿತ್ರಗಳಲ್ಲಿ ಪಾತ್ರ ದೂರ ದಿಟ್ಟಿಸಿದೊಡನೆ ನೆನಪು ಆರಂಭವಾಗುತ್ತದೆ. ಇಲ್ಲಿ ನೆನಪು ಹೇಳಿ ಕೇಳಿ ಬರುವುದಿಲ್ಲ, ಅರ್ಧಕ್ಕೇ ಬಂದು ಅರ್ಧಕ್ಕೇ ಹೋಗುತ್ತದೆ. ಧ್ವನಿಯ ವಿನ್ಯಾಸವೂ ಹಾಗೆಯೇ ಇದೆ. ಸೈಮನ್ ಮತ್ತು ಗಾರ್ಫಂಕಲ್ ಜೋಡಿ ಹಾಡಿರುವ ‘ಎಲ್ ಕಾಂಡೋರ್ ಪಾಸಾ’ ಹಿನ್ನೆಲೆಯಲ್ಲಿ ನೇರವಾಗಿ ಮೊಳಗುವುದಕ್ಕಿಂತ ಹೆಚ್ಚಾಗಿ ಯಾರದೋ ತಲೆಯೊಳಗೆ ಸುತ್ತುವ ಹಾಡಿನಂತೆ ಚೂರುಚೂರಾಗಿ, ಮಂದವಾಗಿ ಕೇಳಿಸುತ್ತದೆ. ಒಂಟಿಯಾಗಿ ದೂರ ನಡೆದವರಿಗೆಲ್ಲ ಈ ಅನುಭವ ಪರಿಚಿತ.

ಆದ್ದರಿಂದ ಬದಲಾವಣೆ ಎಂದರೆ, ನೆನಪನ್ನು ತಡೆದು ಓಡುತ್ತಿದ್ದವಳು ಅದನ್ನು ಕೊನೆಯವರೆಗೂ ನೋಡಲು ಶಕ್ತಳಾಗುವುದು. ಒಂದು ಜಾಗವನ್ನೇ ತೋರಿಸಿ ಎಂದರೆ, ಒರೆಗಾನ್‌ನ ಮಳೆಗಾಡಿನಲ್ಲಿ ಅಜ್ಜಿಯ ಜೊತೆ ಬರುವ ಪುಟ್ಟ ಹುಡುಗನ ದೃಶ್ಯವನ್ನು ತೋರಿಸುತ್ತೇನೆ. ಅವನು ಅವಳಿಗಾಗಿ ಒಂದು ಹಳೆಯ ಹಾಡು ಹಾಡುತ್ತಾನೆ. ಅವಳು ನಗುತ್ತಲೇ ಕೇಳುತ್ತಾಳೆ. ಅವರು ಮರೆಯಾದ ಮೇಲೆ ಮೊಣಕಾಲೂರಿ ಕುಸಿದು ತಾಯಿಗಾಗಿ ಅಳುತ್ತಾಳೆ. ಒಳಗೆ ಕಟ್ಟಿಕೊಂಡಿದ್ದ ಅಳು ಅಲ್ಲಿ ಬರುತ್ತದೆ. ಅದನ್ನು ತಂದದ್ದು ಅರಣ್ಯವಲ್ಲ, ಒಂದು ಮಗುವಿನ ದನಿ ಎಂಬುದನ್ನು ಗಮನಿಸಿ.

ಒರೆಗಾನ್ ಕನ್ನಡಿಗ

ನಾನು ಪೋರ್ಟ್‌ಲ್ಯಾಂಡ್ ಬಳಿಯ ನಿವಾಸಿಯಾದ್ದರಿಂದ ಹಾದಿಯ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ. ನಿಮ್ಮ ಪ್ರಶ್ನೆಗೆ ಅವು ಸಂಬಂಧಪಟ್ಟಿವೆ.

ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 2,650 ಮೈಲಿ, ಅಂದರೆ 4,260 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಸ್ಟ್ರೇಡ್ ನಡೆದದ್ದು ಅದರಲ್ಲಿ ಸುಮಾರು 1,100 ಮೈಲಿ: ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಿಂದ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ನಡುವಿನ ಕೊಲಂಬಿಯಾ ನದಿಯವರೆಗೆ. ಆ ವರ್ಷ ಸಿಯೆರಾ ನೆವಾಡಾ ಪರ್ವತಸಾಲಿನಲ್ಲಿ ಹಿಮ ವಿಪರೀತವಾಗಿದ್ದುದರಿಂದ ಎತ್ತರದ ಭಾಗವನ್ನು ಆಕೆ ಬಿಟ್ಟುಬಿಡಬೇಕಾಯಿತು. ಮೊದಲು ಆಶ್‌ಲ್ಯಾಂಡ್ ಪಟ್ಟಣದಲ್ಲಿ ನಡಿಗೆ ಮುಗಿಸುವ ಎಣಿಕೆಯಿತ್ತು. ಹೀಗೆ ತಪ್ಪಿದ ದೂರಕ್ಕೆ ಬದಲಾಗಿ ಉತ್ತರಕ್ಕೆ ಮುಂದುವರಿದು ‘ಬ್ರಿಜ್ ಆಫ್ ದಿ ಗಾಡ್ಸ್’ ಸೇತುವೆಯವರೆಗೆ ಬಂದರು. ಈ ಹಾದಿಯನ್ನು ಪೂರ್ತಿ ನಡೆದು ಮುಗಿಸುವುದನ್ನೇ ಸಾಧನೆಯೆಂದು ತಿಳಿದವರ ಲೆಕ್ಕದಲ್ಲಿ ಆಕೆಯದು ಅರ್ಧಕ್ಕೂ ಕಡಿಮೆಯ ನಡಿಗೆ. ತಾನೇ ಆರಿಸಿದ ದಾರಿಯನ್ನು ನಡುವೆ ತಾನೇ ತಿದ್ದಿ, ಮುಕ್ತಾಯವನ್ನೂ ತಾನೇ ಗೊತ್ತುಮಾಡಿದ ನಡಿಗೆ ಇದು. ಹರಕೆಯ ನಡಿಗೆಯಲ್ಲಿ ಸೇರುವ ಜಾಗ ಮೊದಲೇ ನಿಶ್ಚಿತವಾಗಿರುತ್ತದೆಯಲ್ಲವೇ?

ಇನ್ನು ಆ ಸೇತುವೆ. ಹೆಸರು ದೇವತೆಗಳದ್ದಾದರೂ ಅದು 1926ರಲ್ಲಿ ಕಟ್ಟಿದ, ದಾಟುವ ವಾಹನಗಳಿಗೆ ಸುಂಕ ಕೊಡಬೇಕಾದ ಉಕ್ಕಿನ ಸೇತುವೆ. ಕಾಲ್ದಾರಿ ಬೇರೆಯಾಗಿಲ್ಲ, ನಡೆಯುವವರು ವಾಹನಗಳ ಪಕ್ಕದಲ್ಲೇ ಸಾಗಬೇಕು, ಜಾಲರಿಯಂಥ ಹಾಸಿನ ಮೂಲಕ ಕಾಲ ಕೆಳಗೆ ನದಿ ಕಾಣುತ್ತಿರುತ್ತದೆ. ಸಿಯೆರಾದ ಫಾರೆಸ್ಟರ್ ಪಾಸ್‌ನಲ್ಲಿ 4,000 ಮೀಟರ್ ಮುಟ್ಟುವ ಈ ಟ್ರೇಲ್‌ನ ಅತಿ ತಗ್ಗಿನ ಭಾಗವೂ ಇದೇ. ಶಿಖರ ಏರಿ ಕೈಚಾಚುವ ಸಿದ್ಧ ಮುಕ್ತಾಯಕ್ಕೆ ಇಲ್ಲಿ ಅವಕಾಶವೇ ಇರಲಿಲ್ಲ. ಚಿತ್ರವೂ ಅದನ್ನು ಬಲವಂತವಾಗಿ ತಂದಿಲ್ಲ ಎಂಬುದು ನನಗೆ ಮೆಚ್ಚುಗೆಯಾದ ಸಂಗತಿ.

ಶಾರದಾ ಕೆ.

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಇಬ್ಬರೂ ಮುಟ್ಟದ ಒಂದು ವಿಷಯವಿದೆ. ನಡೆಯುತ್ತಿರುವುದು ಹೆಣ್ಣು ಎಂಬುದು ಈ ಚಿತ್ರದಲ್ಲಿ ಬರಿಯ ವಿವರವಲ್ಲ.

ಆರಂಭದಲ್ಲಿ ಒಲೆಗೆ ತಪ್ಪು ಇಂಧನ ತಂದುಕೊಂಡು, ಬೇಯಿಸಲಾಗದೆ ತಣ್ಣಗಿನ ಗಂಜಿ ತಿನ್ನುತ್ತ ಸಾಗುವ ಶೆರಿಲ್, ಕತ್ತಲಾಗುವ ಹೊತ್ತಿಗೆ ಒಬ್ಬ ರೈತನ ವಾಹನ ಹತ್ತಬೇಕಾಗುತ್ತದೆ. ಅವನ ಒಂದೊಂದು ಮಾತಿಗೂ ಅವಳು ಬೆಚ್ಚುತ್ತಾಳೆ. ಗಂಡ ಮುಂದೆ ಹೋಗಿದ್ದಾನೆ, ಕಾಯುತ್ತಿದ್ದಾನೆ ಎಂದು ಸುಳ್ಳು ಹೇಳುತ್ತಾಳೆ. ಅವನು ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ಹೆಂಡತಿಯ ಕೈಯಿಂದ ಊಟ ಹಾಕಿಸುತ್ತಾನೆ. ನೋಡುತ್ತಿದ್ದ ನಾವೂ ಅವನನ್ನು ಶಂಕಿಸಿದ್ದೆವು ಎಂಬುದು ಆಗ ಅರಿವಾಗುತ್ತದೆ. ಆದರೆ ಚಿತ್ರ ‘ನೋಡಿ, ಲೋಕ ಒಳ್ಳೆಯದು’ ಎಂದು ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ನೀರಿನ ಹೊಂಡದ ಬಳಿ ಇಬ್ಬರು ಬೇಟೆಗಾರರು ಎದುರಾಗುತ್ತಾರೆ, ಅವರಲ್ಲಿ ಒಬ್ಬ ಹೋದವನು ಮರಳಿ ಬರುತ್ತಾನೆ, ಮತ್ತು ಈ ಸಲ ಭಯ ಸುಳ್ಳಾಗಿರುವುದಿಲ್ಲ. ಏನೂ ನಡೆಯುವುದಿಲ್ಲ ನಿಜ. ಆದರೆ ನಡೆಯಬಹುದಾಗಿತ್ತು ಎಂಬುದನ್ನು ಅವನ ಮಾತಿನ ಧಾಟಿಯಲ್ಲೇ ಕೇಳಿಸುವ ಆ ದೃಶ್ಯ, ಕಾಡುಮೃಗಗಳ ಯಾವ ದೃಶ್ಯಕ್ಕಿಂತಲೂ ಹೆಚ್ಚು ಭೀತಿ ಹುಟ್ಟಿಸುತ್ತದೆ. ಯಾರನ್ನು ನಂಬಬೇಕು ಎಂಬ ಲೆಕ್ಕವನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕಾದ ಸ್ಥಿತಿಯಲ್ಲಿಯೇ ಅವಳು ದಾರಿ ಮುಂದುವರಿಸುತ್ತಾಳಲ್ಲ, ವಸುಧಾ ಅವರು ಕೇಳಿದ ‘ಸಾಧಿಸಿದ್ದು’ ನನ್ನ ಮಟ್ಟಿಗೆ ಅದೇ.

ಆಕ್ಷೇಪಣೆಯೂ ಇದೆ. ಪುಸ್ತಕದಲ್ಲಿರುವ ಅಕ್ಕನನ್ನೂ ಮಲತಂದೆಯನ್ನೂ ಚಿತ್ರ ಕೈಬಿಟ್ಟಿದೆ. ತಾಯಿ ಸತ್ತ ಮೇಲೆ ಇಡೀ ಕುಟುಂಬವೇ ಚೆದುರಿಹೋದದ್ದು ಇದರಿಂದ ತೆಳುವಾಗಿ, ದುಃಖ ಕೇವಲ ತಾಯಿಮಗಳ ನಡುವಿನದಾಗುತ್ತದೆ. ಆ ತಾಯಿಯೂ ತೀರ ಬೆಳಕಿನಲ್ಲಿ ಮಿಂದವಳಂತೆ ಕಾಣುತ್ತಾಳೆ. ಲಾರಾ ಡರ್ನ್ ವಿದರ್‌ಸ್ಪೂನ್‌ಗಿಂತ ಒಂಬತ್ತೇ ವರ್ಷ ದೊಡ್ಡವರಾದರೂ ನಮ್ಮನ್ನು ನಂಬಿಸುತ್ತಾರೆ ಎಂಬುದು ಬೇರೆ ಮಾತು. ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ದೊರಕಿದ್ದು ನ್ಯಾಯವೇ. ಮಗಳು ಕಾಲೇಜಿನ ಓದಿನ ಜಂಬದಲ್ಲಿ ತಾಯಿಯ ಅಭಿರುಚಿಯನ್ನು ಹಂಗಿಸುವ ಸಣ್ಣ ದೃಶ್ಯದಲ್ಲಿ ಮಾತ್ರ ಆ ಸಂಬಂಧಕ್ಕೆ ಮೈ ಬರುತ್ತದೆ. ಅಂಥವು ಇನ್ನೂ ಬೇಕಿದ್ದವು.

ರಾಬಿನ್ ಡೇವಿಡ್ಸನ್ 1977ರಲ್ಲಿ ನಾಲ್ಕು ಒಂಟೆ ಮತ್ತು ಒಂದು ನಾಯಿಯೊಡನೆ ಆಸ್ಟ್ರೇಲಿಯಾದ ಮರುಭೂಮಿಯನ್ನು ದಾಟಿದ ಕಥೆಯ ‘ಟ್ರ್ಯಾಕ್ಸ್’ (2013) ಚಿತ್ರವನ್ನೂ ವಸುಧಾ ಅವರು ನೋಡಬೇಕು. ಅಲ್ಲಿ ಆಕೆ ಏಕೆ ಹೊರಟಳು ಎಂಬುದಕ್ಕೆ ವಿವರಣೆ ಬಹಳ ಕಡಿಮೆ. ನನಗೆ ಆ ಮೌನವೇ ಹೆಚ್ಚು ಹಿಡಿಸಿತು.

ವಸುಧಾ ಎಚ್.

ಮೂವರಿಗೂ ಕೃತಜ್ಞತೆಗಳು. ಹುಡುಗನ ಹಾಡಿನ ದೃಶ್ಯವನ್ನು ನಾನು ಒಂದು ಮುದ್ದಾದ ವಿರಾಮವೆಂದಷ್ಟೇ ನೋಡಿದ್ದೆ. ಈಗ ಅದರ ತೂಕ ಬೇರೆಯಾಗಿ ಕಾಣುತ್ತಿದೆ. ನಡಿಗೆಯಲ್ಲಿ ಪ್ರಾಯಶ್ಚಿತ್ತ ಹುಡುಕಿದ್ದು ನನ್ನ ನಿರೀಕ್ಷೆಯೇ ಹೊರತು ಚಿತ್ರದ ಮಾತಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಕೊನೆಯ ಹಿನ್ನೆಲೆ ಧ್ವನಿಯ ಬಗ್ಗೆ ಯಾರೂ ಉತ್ತರಿಸಲಿಲ್ಲ. ಇಷ್ಟು ಸಂಯಮದಿಂದ ತುಣುಕುಗಳನ್ನು ಜೋಡಿಸಿದ ನಿರ್ದೇಶಕರು ಕೊನೆಯ ಎರಡು ನಿಮಿಷದಲ್ಲಿ ಎಲ್ಲವನ್ನೂ ಮಾತಿನಲ್ಲಿ ಹೇಳಿಸಿದ್ದೇಕೆ? ಮದುವೆ ಮಕ್ಕಳ ಪ್ರಸ್ತಾಪ ತೆಗೆದಿದ್ದರೆ ಚಿತ್ರಕ್ಕೆ ನಷ್ಟವೇನಾಗುತ್ತಿತ್ತು?

ತೆರೆಯ ಹಿಂದೆ

ಆ ಧ್ವನಿಯನ್ನು ಎರಡು ಭಾಗವಾಗಿ ಕೇಳಬೇಕು. ಮೊದಲ ಭಾಗದಲ್ಲಿ ಅವಳು ತನ್ನನ್ನು ತಾನು ಕ್ಷಮಿಸುವ ಮಾತಾಡುತ್ತಾಳೆ, ಮತ್ತು ಪಶ್ಚಾತ್ತಾಪವಿದ್ದೂ, ಹಿಂದಕ್ಕೆ ಹೋಗುವಂತಾದರೂ ಮಾಡಿದ್ದರಲ್ಲಿ ಒಂದನ್ನೂ ಬದಲಿಸುತ್ತಿರಲಿಲ್ಲವೆಂದಾದರೆ ಏನು, ಅವೆಲ್ಲವೂ ಸೇರಿಯೇ ತನ್ನನ್ನು ಇಲ್ಲಿಗೆ ತಲುಪಿಸಿದ್ದರೆ ಏನು ಎಂದು ಕೇಳಿಕೊಳ್ಳುತ್ತಾಳೆ. ದಾರಿ ತಪ್ಪಿದ ಹೆಣ್ಣು ಕಷ್ಟಪಟ್ಟು, ಕಣ್ಣೀರಿಟ್ಟು, ಶುದ್ಧಳಾಗಿ ಮರಳುವ ಕಥೆಗಳು ಸಿನಿಮಾದಲ್ಲಿ ಧಾರಾಳವಾಗಿವೆ. ಶುದ್ಧಿಯ ಆ ಚೌಕಟ್ಟನ್ನೇ ನಿರಾಕರಿಸುವ ಈ ಪ್ರಶ್ನೆ ಮಾತಿನಲ್ಲಿ ಬರಲೇಬೇಕಿತ್ತು. ಇಲ್ಲವಾದರೆ ಬಹುಪಾಲು ಪ್ರೇಕ್ಷಕರು ನಡಿಗೆಯನ್ನು ಶಿಕ್ಷೆಯೆಂದೇ ತಿಳಿಯುತ್ತಿದ್ದರು.

ನಿಮ್ಮ ತಕರಾರಿರುವುದು ಎರಡನೆಯ ಭಾಗದ ಮೇಲೆ. ಅಲ್ಲಿ ಒಂದು ಸಂಗತಿ ಗಮನಿಸಬೇಕು. ಮುಂದೆ ಹುಟ್ಟುವ ಮಗಳಿಗೆ ತನ್ನ ತಾಯಿಯ ಹೆಸರನ್ನೇ ಇಡುವುದಾಗಿ ಆ ಧ್ವನಿ ಹೇಳುತ್ತದೆ. ಚಿತ್ರದ ನೆನಪಿನ ದೃಶ್ಯಗಳಲ್ಲಿ ಪುಟ್ಟ ಶೆರಿಲ್ ಆಗಿ ನಟಿಸಿರುವವಳು ಲೇಖಕಿಯ ಆ ಮಗಳೇ. ಅಂದರೆ ಲಾರಾ ಡರ್ನ್ ಆಡುವ ಬಾಬಿಯ ಮಡಿಲಲ್ಲಿ ನಾವು ಮೊದಲಿನಿಂದ ನೋಡುತ್ತ ಬಂದಿರುವುದು ನಿಜವಾದ ಬಾಬಿಯ ಮೊಮ್ಮಗಳನ್ನು. ಲೇಖಕಿ ಕೂಡ ಆರಂಭದಲ್ಲಿ ನಾಯಕಿಯನ್ನು ವಾಹನದಿಂದ ಇಳಿಸಿ ಹೋಗುವ ಹೆಂಗಸಾಗಿ ಒಂದು ಕ್ಷಣ ಕಾಣಿಸಿಕೊಳ್ಳುತ್ತಾರೆ. ಇದು ತಿಳಿದಾಗ ಮಕ್ಕಳ ಪ್ರಸ್ತಾಪ ಗೆಲುವಿನ ಪದಕದಂತೆ ಕೇಳಿಸದೆ, ತಾಯಿಯ ಕಡೆಗೇ ತಿರುಗಿದ ಮಾತಾಗಿ ಕೇಳಿಸುತ್ತದೆ.

ಆದರೆ ಇದು ಚಿತ್ರದ ಒಳಗೆ ಎಲ್ಲಿಯೂ ಗೊತ್ತಾಗುವುದಿಲ್ಲ, ಹೊರಗಿನಿಂದ ತಿಳಿದಿರಬೇಕು. ಅಷ್ಟರ ಮಟ್ಟಿಗೆ ನಿಮ್ಮ ಆಕ್ಷೇಪ ನಿಲ್ಲುತ್ತದೆ. ಮದುವೆಯ ಸಾಲನ್ನು ತೆಗೆದು ಮಗಳ ಹೆಸರಿನ ಸಾಲನ್ನು ಮಾತ್ರ ಉಳಿಸಿದ್ದರೆ ನಾನೂ ಸಂತೋಷಪಡುತ್ತಿದ್ದೆ.